ಎರಡು ಬೆರಳು ಬಟ್ಟೆ

"ಗುರುಗಳೇ, ಅಭಿಪ್ರಾಯ ಹೇಳುವಾಗ ‘ನನ್ನದು ತಪ್ಪಿರಲೂಬಹುದು’ ಎಂಬುದು ಮನಸ್ಸಿನಲ್ಲಿರಬೇಕು, ಬಾಯಲ್ಲೂ ಬರಬೇಕು ಎನ್ನುತ್ತೀರಿ. ಹಾಗೆಂದರೆ ಮಾತು ಸಡಿಲವಾಗುವುದಿಲ್ಲವೇ?" ಎಂದು ಮರುಳಪ್ಪ ಕೇಳಿದ. ಮರುದಿನ ಅವನು ಇಬ್ಬರು ಅಣ್ಣತಮ್ಮಂದಿರ ಜಗಳಕ್ಕೆ ತೀರ್ಪು ಹೇಳಬೇಕಿತ್ತು. ತೀರ್ಪು ಆಗಲೇ ಅವನ ನಾಲಿಗೆಯ ತುದಿಯಲ್ಲಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದರ್ಜಿಯಿದ್ದ. ಕೈಚಳಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಉಳಿದ ದರ್ಜಿಗಳು ಹೊಲಿಗೆಯ ಒಳಗೆ ಎರಡು ಬೆರಳಿನಷ್ಟು ಬಟ್ಟೆ ಬಿಡುತ್ತಿದ್ದರು. ಬಿಗಿಯಾದರೆ ಬಿಚ್ಚಿ ಹೊಲಿಯಬಹುದಲ್ಲ. ಇವನು ಗೆರೆಯ ಅಂಚಿಗೇ ಕತ್ತರಿಸುತ್ತಿದ್ದ. ಹೆಂಡತಿ ಎಚ್ಚರಿಸಿದರೆ, "ಅಳತೆ ಬಾರದವರು ಬಟ್ಟೆ ಬಿಡುತ್ತಾರೆ ಕಣೇ" ಎಂದು ಮೂಗು ಮುರಿಯುತ್ತಿದ್ದ.

ಒಮ್ಮೆ ಒಬ್ಬ ತಾಯಿ ಮಗಳ ಮದುವೆಯ ರವಿಕೆಗೆಂದು ರೇಷ್ಮೆಯ ತುಂಡೊಂದನ್ನು ತಂದಳು. ತೀರಿಹೋದ ಅಜ್ಜಿಯ ಸೀರೆಯಲ್ಲಿ ಉಳಿದಿದ್ದು ಅಷ್ಟೇ. ದರ್ಜಿ ಅಳತೆ ತೆಗೆದ, ಗೆರೆಗೆ ಕತ್ತರಿಸಿದ, ಅಂದವಾಗಿ ಹೊಲಿದುಕೊಟ್ಟ. ಮದುವೆಯ ಹಿಂದಿನ ದಿನ ಹುಡುಗಿ ತೊಟ್ಟು ನೋಡಿದರೆ ರವಿಕೆಯ ಎರಡು ಅಂಚುಗಳು ಒಂದಕ್ಕೊಂದು ಸೇರಲೇ ಇಲ್ಲ.

"ನನ್ನ ಅಳತೆ ತಪ್ಪುವುದಿಲ್ಲ. ನಿಮ್ಮ ಹುಡುಗಿಯೇ ಮೈ ತುಂಬಿಕೊಂಡಿದ್ದಾಳೆ" ಎಂದ ದರ್ಜಿ.

"ಇರಬಹುದಪ್ಪ. ಈಗ ಬಿಚ್ಚಿ ಹೊಲಿಯೋಣವೆಂದರೆ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದೀಯ?" ಎಂದಳು ತಾಯಿ.

ದರ್ಜಿ ರವಿಕೆಯನ್ನು ತಿರುವಿ ನೋಡಿದ. ಏನೂ ಬಿಟ್ಟಿಲ್ಲವೆಂದು ಅವನಿಗೆ ಗೊತ್ತೇ ಇತ್ತು. ಆದರೂ ನೋಡಿದ. ಹುಡುಗಿ ಹಳೆಯ ರವಿಕೆ ತೊಟ್ಟೇ ಹಸೆಮಣೆಯ ಮೇಲೆ ಕುಳಿತಳು. ಅಂದು ದರ್ಜಿ ಮದುವೆಯ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಆಮೇಲೂ ಅವನ ಕೈ ನಡುಗಲಿಲ್ಲ, ಹೊಲಿಗೆ ಸಡಿಲವಾಗಲಿಲ್ಲ. ಗೆರೆಯನ್ನು ಮೊದಲಿನಷ್ಟೇ ಧೈರ್ಯವಾಗಿ ಎಳೆದ. ಕತ್ತರಿ ಮಾತ್ರ ಗೆರೆಯಿಂದ ಎರಡು ಬೆರಳು ಆಚೆ ಓಡಿತು. ಅವನ ಬಟ್ಟೆ ತೊಟ್ಟವರಿಗೆ ಹೊರಗಿನಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಕತೆ ಮುಗಿಯಿತು. ಮರುಳಪ್ಪನಿಗೆ ತಡೆಯಲಾಗಲಿಲ್ಲ. "ಅದಿರಲಿ ಗುರುಗಳೇ, ತಪ್ಪು ಯಾರದು? ಅಳತೆ ಕೆಟ್ಟಿತ್ತೋ, ಹುಡುಗಿ ದಪ್ಪಗಾಗಿದ್ದಳೋ?"

"ಅದು ನನಗೂ ಗೊತ್ತಿಲ್ಲ, ಮರುಳಪ್ಪ. ನಾಳೆಯ ತೀರ್ಪಿನೊಳಗೆ ನೀನು ಎಷ್ಟು ಬಟ್ಟೆ ಬಿಟ್ಟಿದ್ದೀಯ, ಹೇಳು."