ಲಿಂಗಾಜಮ್ಮನೂ ಗೌಡನ ಬೆನ್ನೂ

ತುಂಬಾ ಹಿಂದೆ, ಯಾವ ಅರಸನ ಕಾಲವೋ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಜಾಲಿಹಟ್ಟಿ ಅನ್ನೋ ಒಂದೂರಲ್ಲಿ ಲಿಂಗಾಜಮ್ಮ ಅಂತ ಒಬ್ಬ ನಾಟಿವೈದ್ಯೆ ಇದ್ದಳಂತೆ. ನರದ ಮೇಲೆ ಏಳೋ ಗಂಟು ನೋಡೋದ್ರಲ್ಲಿ ಸುತ್ತಮುತ್ತ ಅವಳನ್ನ ಮೀರಿಸೋರೇ ಇರಲಿಲ್ಲವಂತೆ. ಕಣ್ಣು ಮುಚ್ಚಿ ಬೆರಳಾಡಿಸಿ, ಇದು ತೆಪ್ಪಗೆ ಕೂತಿರೋ ಗಂಟು, ಇದು ಬೆಳೆದು ತೊಂದರೆ ಕೊಡೋ ಗಂಟು ಅಂತ ಹೇಳಿಬಿಡೋಳಂತೆ. ಗೋಡೆ ಆಚೆ ಕೂತವರ ಗಂಟನ್ನೂ ಎಣಿಸ್ತಿದ್ದಳು ಅಂತಾರೆ. ಅದನ್ನ ನಾನು ನಂಬಲ್ಲ, ನೀವು ಬೇಕಾದ್ರೆ ನಂಬ್ಕೊಳ್ಳಿ.

ಆದ್ರೆ ಅವಳದ್ದೊಂದು ಹಟ. ರೋಗಿ ಒಬ್ಬನೇ ಬಂದರೆ ಮುಟ್ಟುತ್ತಲೇ ಇರಲಿಲ್ಲ. ಅಪ್ಪನ್ನ ಕರ್ಕೊಂಬಾ, ಅಜ್ಜೀನ ಕರ್ಕೊಂಬಾ, ಸೋದರತ್ತೇನ ಕರ್ಕೊಂಬಾ ಅನ್ನೋಳು. ಅಜ್ಜಿ ಸತ್ತುಹೋಗಿದ್ದಾಳೆ ಅಂದ್ರೆ, ಆಕೆಗೆ ಎಣ್ಣೆನೀರು ಹಾಕ್ತಿದ್ದೋರನ್ನ ಕರ್ಕೊಂಬಾ ಅನ್ನೋಳು. ಎಲ್ಲರನ್ನೂ ಜಗಲಿ ಮೇಲೆ ಸಾಲಾಗಿ ಕೂರಿಸಿ, ಬೆನ್ನಿಗೆ ಎಣ್ಣೆ ಹಚ್ಚಿ ತಡವಿ, ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಹುಣಸೆಬೀಜ ನೆಲದ ಮೇಲೆ ಇಡೋಳು. ಗಂಟು ಯಾರ ವಂಶದಿಂದ ಇಳಿದು ಬಂತು ಅಂತ ತಿಳಿಯೋಕೆ, ಗಂಟಿದ್ದವರ ಬೀಜವನ್ನ ಮಾತ್ರ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡೋಳು. ಒಂದು ಗಂಟು ತೋರಿಸೋಕೆ ಬಂದೋನು ಎರಡು ಗಾಡಿ ನೆಂಟರಿಗೆ ಬುತ್ತಿ ಕಟ್ಟಿಸಬೇಕಾಗ್ತಿತ್ತು, ಪಾಪ.

ಆ ಊರಲ್ಲಿ ತಿಮ್ಮಕ್ಕ ಅಂತ ಒಬ್ಬ ಬಡವಿ. ಅವಳ ಮೈಮೇಲೆ ಗಂಟು, ಮಗಳ ಮೈಮೇಲೂ ಗಂಟು. ಊರ ಯಜಮಾನ ಕೆಂಚೇಗೌಡ, ಇದು ಮುಟ್ಟಿದರೆ ಹತ್ತೋ ರೋಗ, ಸೋಮವಾರ ತಾಯಿ ಮಗಳು ಊರು ಬಿಡಬೇಕು ಅಂತ ಕಟ್ಟಪ್ಪಣೆ ಮಾಡಿಬಿಟ್ಟ. ತಿಮ್ಮಕ್ಕ ಬಂದು ಲಿಂಗಾಜಮ್ಮನ ಕಾಲು ಹಿಡಿದು ಗೋಳೋ ಅಂತ ಅತ್ತಳು. ಲಿಂಗಾಜಮ್ಮ ಅವಳನ್ನ ಎಬ್ಬಿಸಿ ಜಗಲಿ ಮೇಲೆ ಕೂರಿಸಿದಳು.

ಆಮೇಲೆ ಬೀಜ ಹಾಕೋಕೆ ಕೂತಳು. ತಿಮ್ಮಕ್ಕಂದು ಬಿಳಿ, ಅವಳಪ್ಪಂದು ಬಿಳಿ, ಅಪ್ಪನ ತಾಯಿದೂ ಬಿಳಿ. ಆ ತಾಯಿ ಯಾರ ಮನೆ ಮಗಳು? ಗೌಡನ ತಾತನ ಒಡಹುಟ್ಟಿದ ತಂಗಿ! ಬಡವರ ಮನೆಗೆ ಕೊಟ್ಟಮೇಲೆ ಗೌಡನ ಮನೆಯೋರು ನೆಂಟಸ್ತನಾನೇ ಮರೆತಿದ್ರು. ಲಿಂಗಾಜಮ್ಮನಿಗೆ ಆಗ ಹೊಳೀತು: ಈ ಗೌಡ ಬಿರುಬೇಸಿಗೇಲೂ ಅಂಗಿ ಬಿಚ್ಚಿದ್ದನ್ನ ಕಂಡೋರಿಲ್ಲ. ಹೊಳೇಲಿ ಮುಳುಗಿದರೂ ಅಂಗಿ ಸಮೇತ!

ಸೋಮವಾರ ಊರೆಲ್ಲ ಗೌಡನ ಬಾಗಿಲಲ್ಲಿ ಸೇರಿತ್ತು. ಲಿಂಗಾಜಮ್ಮ ಎಣ್ಣೆಬಟ್ಟಲು ಹಿಡಿದು ಬಂದು, ಗೌಡ ಅಂಗಿ ಬಿಚ್ಚಲಿ ಅಂದಳು. ಗೌಡ ಚಳಿ ಅಂದ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಾ ಇತ್ತು. ಅವಳು ಒಂದು ಹೆಜ್ಜೆ ಮುಂದಿಟ್ಟಳು, ಅವನು ಎರಡು ಹೆಜ್ಜೆ ಹಿಂದೆ ಹೋದ. ಹಂಗೇ ಹಿಂದೆ ಹಿಂದೆ ಹೋಗಿ ಏಣಿ ಹತ್ತಿ ಅಟ್ಟ ಸೇರಿ, ಏಣೀನೂ ಮೇಲಕ್ಕೆ ಎಳ್ಕೊಂಡನಂತೆ. ಅಟ್ಟದ ಮೇಲಿಂದಾನೇ, ತಿಮ್ಮಕ್ಕ ಊರು ಬಿಡಲಿ ಅಂತ ಕೂಗಿದನಂತೆ.

ಆಗ ಒಳಗಿಂದ ಗೌಡನ ಹೆಂಡತಿ ಸಾಕವ್ವ ಸೆರಗಿಗೆ ಕೈ ಒರೆಸ್ಕೊಂಡು ಬಂದಳು.

"ನಲವತ್ತು ವರ್ಷದಿಂದ ನಿಮ್ಮ ಬೆನ್ನು ಉಜ್ತಾ ಇದ್ದೀನಲ್ರೀ, ನನಗೆ ಒಂದಾದ್ರೂ ಹತ್ತಿದೆಯೇನ್ರೀ? ಇಳೀರಿ ಕೆಳಗೆ!"

ಊರೆಲ್ಲ ಕತ್ತೆತ್ತಿ ಅಟ್ಟ ನೋಡಿತು. ಸ್ವಲ್ಪ ಹೊತ್ತಿಗೆ ಏಣಿ ಇಳೀತು, ಏಣಿ ಹಿಂದೆ ಗೌಡನೂ ಇಳಿದ. ಅಂಗಿ ಬಿಚ್ಚಿದರೆ, ಕತ್ತಿನಿಂದ ಸೊಂಟದವರೆಗೂ ಗಂಟು! ಲಿಂಗಾಜಮ್ಮ ತಿಮ್ಮಕ್ಕನ ಕೈಗೇ ಎಣ್ಣೆ ಸುರಿದಳು. ಆ ಕೈ ಬೆನ್ನಿಗೆ ತಾಗಿದ್ದೇ ತಡ, ಗೌಡ ಮಗುವಿನಂಗೆ ಅತ್ತುಬಿಟ್ಟ. ನನ್ನ ಬೆನ್ನು ಯಾರ ಕಣ್ಣಿಗೂ ಬೀಳದಿರಲಿ ಅಂತ ನಿನ್ನ ಓಡಿಸೋಕೆ ಹೊರಟೆ ತಾಯಿ, ತಪ್ಪಾಯ್ತು ಅಂದನಂತೆ. ಲಿಂಗಾಜಮ್ಮ ಅವನ ಹೆಸರಿನ ಬೀಜ ಉಜ್ಜಿ ತಿಮ್ಮಕ್ಕನ ಸಾಲಿಗೇ ಇಟ್ಟಳು. ಗಂಟು ವಾಸಿ ಮಾಡ್ತೀನಿ ಅಂತ ಮಾತ್ರ ಅವಳು ಯಾವತ್ತೂ, ಯಾರಿಗೂ ಹೇಳಲಿಲ್ಲವಂತೆ.

ಈಗಲೂ ಜಾಲಿಹಟ್ಟೀಲಿ ಯಾವ ಮಗುವಿನ ಮೈಮೇಲಾದ್ರೂ ಗಂಟು ಕಂಡರೆ, ಹುಣಸೆಬೀಜದ ಚೀಲ ಹಿಡ್ಕೊಂಡು ಮನೆಮಂದಿಯೆಲ್ಲ ಪಟ್ಟಣದ ಆಸ್ಪತ್ರೆಗೆ ಹೋಗ್ತಾರೆ. ನರದ ಡಾಕ್ಟರು ಮೊದಲು ಕೇಳೋದೂ ಅದನ್ನೇ, ನಿಮ್ಮ ಮನೇಲಿ ಇನ್ಯಾರಿಗಿದೆ ಅಂತ. ಇವರು ಮೇಜಿನ ಮೇಲೆ ಬೀಜ ಸುರೀತಾರೆ. ಡಾಕ್ಟರು ಕಾಗದ ಪಕ್ಕಕ್ಕಿಟ್ಟು ಬೀಜ ನೋಡ್ತಾರಂತೆ.

ಇನ್ನು ದೀಪಾವಳಿಯ ಎಣ್ಣೆಸ್ನಾನದ ದಿನ, ಊರಲ್ಲಿ ಮೊದಲ ಎಣ್ಣೆ ಯಜಮಾನನ ಬೆನ್ನಿಗೆ, ಅದೂ ತಿಮ್ಮಕ್ಕನ ವಂಶದವರ ಕೈಯಿಂದ, ಜಗಲಿ ಮೇಲೆ, ಎಲ್ಲರೆದುರಿಗೆ. ಹಲ್ಲು ಕಟಕಟ ಅನ್ನೋ ಚಳಿ ಇದ್ದರೂ ಯಜಮಾನ ಅಂಗಿ ಬಿಚ್ಚಲೇಬೇಕು. ಅಟ್ಟದ ಏಣೀನ ಹಿಂದಿನ ದಿನಾನೇ ತೆಗೆದು ಬಚ್ಚಿಟ್ಟಿರ್ತಾರೆ.