ಪಾತಾಳದ ಅಡುಗೆ

"ಗುರುಗಳೇ, ಗ್ರೀಕರ ಹಳೆಯ ಪುರಾಣಗಳನ್ನು ನಮ್ಮ ಮಕ್ಕಳಿಗೆ ನಗಿಸುತ್ತಾ ಹೇಳಿದರೆ ತಪ್ಪಾಗುತ್ತದೆಯೇ?" ಎಂದು ಶಿಷ್ಯ ಕೇಳಿದ. ಮಠದ ಶಾಲೆಯ ಮಕ್ಕಳಿಗಾಗಿ ಅವನು ಆ ಕತೆಗಳನ್ನು ಬರೆಯುತ್ತಿದ್ದ. ನಗು ಬರುವ ಹಾಳೆಗಳನ್ನೆಲ್ಲ ಹಿಂದಿನ ದಿನ ಹರಿದುಹಾಕಿದ್ದ. "ಎಷ್ಟೆಂದರೂ ಅವು ದೇವರ ಕತೆಗಳು. ಹಗುರ ಮಾಡಿದಂತಾಗುತ್ತದಲ್ಲ ಎಂದು ಭಯ."

"ಹರಿದ ಮೇಲೆ ಕೇಳಲು ಬಂದಿದ್ದೀಯ. ಇರಲಿ, ಕೂತುಕೋ" ಎಂದು ಗುರುಗಳು ಕತೆ ಹೇಳತೊಡಗಿದರು.

ಗ್ರೀಕರ ಒಂದು ದ್ವೀಪದಲ್ಲಿ ಒಂದು ಊರು. ಆ ಊರಿಗೆ ಒಬ್ಬ ಹಾಡುಗಾರ. ಪೈರಿನ ದೇವಿಯ ಕತೆಯನ್ನು ಗುಡಿಯಲ್ಲಿ ಹಾಡುವ ಹಕ್ಕು ಅವನೊಬ್ಬನದು. ದೇವಿಯ ಮಗಳನ್ನು ಪಾತಾಳದ ರಾಜ ಹೊತ್ತೊಯ್ದ ಕತೆ ಅದು. ಹಾಡುವಾಗ ಯಾರೂ ನಗಕೂಡದು. ಹಾಡಿನ ಮೊದಲಿಗೆ ಬರುವ ದೇವತೆಗಳ ಅಜ್ಜ ಮುತ್ತಜ್ಜರ ಹೆಸರು ಮುಗಿಯುವಷ್ಟರಲ್ಲಿ ಹಿರಿಯರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಅದಕ್ಕೆ ಅಡ್ಡಿಯಿರಲಿಲ್ಲ.

ಊರಿನಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮಗಳು ಹೋದ ಭಾಗವನ್ನು ಚಳಿಗಾಲದ ಮೊದಲಲ್ಲಿ ಹಾಡಬೇಕು. ಮರಳಿ ಬಂದ ಭಾಗವನ್ನು ವಸಂತದಲ್ಲಿ. ಎರಡನ್ನೂ ಒಟ್ಟಿಗೆ ಹೇಳಕೂಡದು. ವಸಂತ ಬಂತೆಂದರೆ ದೊಡ್ಡವರು ಹೊಲಕ್ಕೋ ಹಡಗಿಗೋ ಹೋಗಿರುತ್ತಿದ್ದರು, ಮಕ್ಕಳು ಆಡುಗಳ ಹಿಂದೆ. ಹಾಡುಗಾರ ಎರಡನೆಯ ಭಾಗವನ್ನು ಗುಡಿಯ ಕಂಬಗಳಿಗೆ ಹಾಡಿ ಮನೆಗೆ ಹೋಗುತ್ತಿದ್ದ. ಹೀಗಾಗಿ ಆ ಊರಿನ ಮಕ್ಕಳಿಗೆ ಗೊತ್ತಿದ್ದದ್ದು ಅರ್ಧ ಕತೆ. ಅಗಲಿದ ತಾಯಿ ಮಗಳು ಮತ್ತೆ ಸೇರಲಿಲ್ಲ ಎಂದೇ ಅವರು ತಿಳಿದಿದ್ದರು.

ಒಂದು ವರ್ಷ ಚಳಿಗಾಲ ಶುರುವಾಗುವ ಮುನ್ನ ನೇಯ್ಗೆಯ ಹೆಂಗಸೊಬ್ಬಳು ಕೆಲಸಕ್ಕಾಗಿ ಪಕ್ಕದ ದ್ವೀಪಕ್ಕೆ ಹೋದಳು. ಆರು ವರ್ಷದ ಮಗಳನ್ನು ರೊಟ್ಟಿ ಸುಡುವ ಮುದುಕಿಯ ಬಳಿ ಬಿಟ್ಟಳು. ಚಳಿಗಾಲದಲ್ಲಿ ಆ ಸಮುದ್ರದಲ್ಲಿ ಹಡಗು ಓಡುವುದಿಲ್ಲ. ವಸಂತದ ಮೊದಲ ಹಡಗಿಗೆ ಬರುತ್ತೇನೆ ಎಂದು ಹೇಳಿಯೇ ಹೋಗಿದ್ದಳು. ಆ ವಾರವೇ ಗುಡಿಯಲ್ಲಿ ಹಾಡಿನ ಮೊದಲ ಭಾಗ. ಹುಡುಗಿ ಕೇಳಿಕೊಂಡು ಬಂದು ಮೂಲೆ ಹಿಡಿದಳು. ಮೂರು ದಿನ ಊಟವಿಲ್ಲ, ಮಾತಿಲ್ಲ. ಮುದುಕಿ ರಮಿಸಿದಳು, ಗದರಿದಳು, ಕೊನೆಗೆ ತಾನೇ ಅತ್ತಳು. ಅಮ್ಮ ಬರುತ್ತಾಳೆ ಎಂದರೆ ಹುಡುಗಿ ನಂಬಲೊಲ್ಲಳು. ಗುಡಿಯಲ್ಲಿ ಹಾಡಿದ್ದು ಸುಳ್ಳಾಗುತ್ತದೆಯೇ?

ನಾಲ್ಕನೆಯ ದಿನ ಕೇರಿಯ ಮಕ್ಕಳು ಚಳಿ ಕಾಯಿಸಲು ಒಲೆಯ ಬಳಿ ಸೇರಿದರು. ಮುದುಕಿ ಹಿಟ್ಟು ನಾದುತ್ತಾ ಅದೇ ಕತೆಯನ್ನು ತನ್ನ ರೀತಿಯಲ್ಲಿ ಹೇಳಿದಳು. ಪಾತಾಳದ ಬಾಗಿಲಲ್ಲಿ ಮೂರು ತಲೆಯ ನಾಯಿ. ಹೊಟ್ಟೆ ಒಂದೇ. ಆದರೂ ಒಂದು ಎಲುಬು ಬಿದ್ದರೆ ಮೂರು ತಲೆಗಳೂ ಕಚ್ಚಾಡುತ್ತಿದ್ದವು. ಗೆದ್ದ ತಲೆ ತಿನ್ನುತ್ತಿತ್ತು, ಸೋತ ಎರಡು ತೇಗುತ್ತಿದ್ದವು. ಒಳಗೆ ಅಡುಗೆಯವನೂ ಸತ್ತವನು, ಬಡಿಸುವವನೂ ಸತ್ತವನು. ಸಾರಿಗೆ ಉಪ್ಪು ಬಿದ್ದಿದೆಯೇ ಎಂದು ನೋಡಲು ನಾಲಗೆಯಿರುವವನು ಒಬ್ಬನೂ ಇಲ್ಲ. ರಾಜ ಮಾತ್ರ ದಿನವೂ ಬಂದು, ಊಟ ರುಚಿಯಾಗಿತ್ತೇ ಎಂದು ವಿಚಾರಿಸುತ್ತಿದ್ದ. ಪಾಪ, ದೇವಿಯ ಮಗಳು ದಾಳಿಂಬೆಯ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ದಿನ ದೂಡಿದಳು.

ಮೂಲೆಯಲ್ಲಿದ್ದ ಹುಡುಗಿ ನಕ್ಕಳು. ನಕ್ಕವಳು, "ಆಮೇಲೆ?" ಎಂದಳು.

ಮುದುಕಿಯ ಕೈ ಹಿಟ್ಟಿನಲ್ಲೇ ನಿಂತಿತು. ಮುಂದೆ ಹೇಳಿದರೆ ಊರಿನ ಕಟ್ಟಳೆ ಮುರಿದಂತೆ. ಅವಳು ಹೇಳಿಬಿಟ್ಟಳು.

"ಆಮೇಲೇನು, ಬಂದಳು. ಅಂಥ ಅಡುಗೆ ತಿಂದುಕೊಂಡು ಯಾರು ಅಲ್ಲೇ ಇರುತ್ತಾರೆ ಮಗಾ? ಹೂ ಬಿಡುವ ಹೊತ್ತಿಗೆ ಅಮ್ಮನ ಹತ್ತಿರ ಓಡಿಬಂದಳು."

ಹುಡುಗಿ ರೊಟ್ಟಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಸುದ್ದಿ ಹಾಡುಗಾರನ ಕಿವಿಗೆ ಬಿದ್ದು ಅವನು ಕೋಲು ಹಿಡಿದು ಬಂದ. "ಎರಡು ಭಾಗವನ್ನೂ ಒಂದೇ ದಿನ ಹೇಳಿದೆಯಂತೆ. ಅದೂ ನಗಿಸಿಕೊಂಡು" ಎಂದು ಗುಡುಗಿದ.

ಮುದುಕಿ ಹುಡುಗಿಯ ಕಡೆ ಕೈ ತೋರಿದಳು. "ನಿಮ್ಮ ಹಾಡು ವಸಂತದವರೆಗೆ ಕಾಯುತ್ತದೆ ಅಯ್ಯಾ. ಇವಳ ಹೊಟ್ಟೆ ಕಾಯುವುದಿಲ್ಲ."

ಹುಡುಗಿ ಎರಡನೆಯ ರೊಟ್ಟಿಗೆ ಕೈ ಚಾಚಿದ್ದಳು. ಹಾಡುಗಾರ ಕೋಲು ಕೆಳಗಿಳಿಸಿ, ಬಂದ ದಾರಿಯಲ್ಲೇ ಹಿಂದಿರುಗಿದ. ವಸಂತದ ಮೊದಲ ಹಡಗಿನಲ್ಲಿ ಹುಡುಗಿಯ ತಾಯಿ ಬಂದಳು. ಆ ವರ್ಷ ಎರಡನೆಯ ಭಾಗ ಕೇಳಲು ಊರಿನ ಮಕ್ಕಳೆಲ್ಲ ಗುಡಿಗೆ ಬಂದು, ನಾಯಿಯ ವಿಷಯ ಯಾವಾಗ ಬರುತ್ತದೆ ಎಂದು ಹಾಡುಗಾರನ ಪ್ರಾಣ ತಿಂದರು.

ಕತೆ ಮುಗಿದರೂ ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ತನ್ನ ದುಃಖದ ಕತೆಗೆ ಮಕ್ಕಳು ನಕ್ಕರು ಎಂದು ದೇವಿಗೆ ನೋವಾಗಲಿಲ್ಲವೇ ಗುರುಗಳೇ?"

ಗುರುಗಳು ಹೇಳಿದರು: "ಮಗಳನ್ನು ಕಳೆದುಕೊಂಡಿದ್ದ ತಾಯಿ ಅವಳು; ಮಗು ಉಂಡಿತೇ ಎಂದಷ್ಟೇ ಕೇಳಿರುತ್ತಾಳೆ."