ಉಸಿರು ಮುರಿದ ಜಾಗ

ಹೊಳೆಯ ದಂಡೆಗೆ ಹಾಡು ಕಲಿಸುವ ಒಂದು ಆಶ್ರಮ. ಅದರ ಗುರು ಮುಪ್ಪಯ್ಯಜ್ಜ. ಅಜ್ಜನ ಹಳೆಯ ಶಿಷ್ಯ ಅಡಿವೆಪ್ಪ.

ಆ ದಿನ ಅಡಿವೆಪ್ಪ ಕೆಂಡವಾಗಿದ್ದ. ಆಗದೆ ಏನು ಮಾಡಿಯಾನು? ಪಡಸಾಲೆಯಲ್ಲಿ ಫಕೀರವ್ವನ ಹೆಣ. ಹೊರಗೆ ಬೇವಿನ ಗಿಡದ ಕೆಳಗೆ ಊರೆಲ್ಲ ಕೂತು ಅವಳ ಸಾವನ್ನು ಎಲೆ ಅಡಿಕೆಯ ಹಾಗೆ ಜಗಿಯುತ್ತಿತ್ತು.

ಫಕೀರವ್ವ ಅಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ರೇಡಿಯೋದಲ್ಲಿ, ರೆಕಾರ್ಡಿನ ಮೇಲೆ ಮಂಜುಳಾದೇವಿ ಅಂತ ಇದ್ದಳಲ್ಲ, ಅವಳೇ. ಹುಟ್ಟಿದ್ದು ಮೀನು ಮಾರುವವರ ಓಣಿಯಲ್ಲಿ. ಹತ್ತು ವರ್ಷದವಳನ್ನು ತಾಯಿ ತಂದು ಅಜ್ಜನ ಕಾಲ ಹತ್ತಿರ ಬಿಟ್ಟು ಹೋದಳು. ಇಪ್ಪತ್ತಕ್ಕೆ ಅವಳ ರೆಕಾರ್ಡು ಹಾಕದೆ ಸುತ್ತಮುತ್ತ ಒಂದು ಮದುವೆ ಆಗುತ್ತಿರಲಿಲ್ಲ. ಮೂವತ್ತಕ್ಕೆ ಮೋಟಾರು ಬಂತು, ಮೂಗಿಗೆ ಏಳು ಹರಳಿನ ನತ್ತು ಬಂತು.

ಆಮೇಲೆ ದತ್ತೋಬಾ ಬಂದ. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು. ಅವನನ್ನೇ ಕಟ್ಟಿಕೊಂಡಳು. ಅವನಿಗೆ ಮೀರಜಿನಲ್ಲಿ ಅದಾಗಲೇ ಒಬ್ಬಳು ಇದ್ದಳೆಂದು ಕೆಲವರು ಹೇಳುತ್ತಿದ್ದರು, ಇಬ್ಬರಿದ್ದರೆಂದು ಇನ್ನು ಕೆಲವರು. ಅವನು ಅವಳನ್ನು ತಿಂಗಳಿಗೆ ಇಪ್ಪತ್ತು ಕಚೇರಿಗೆ ಕರೆದುಕೊಂಡು ತಿರುಗಿದ.

ಅಡಿವೆಪ್ಪ ಅವಳಿಗಿಂತ ಮೊದಲು ಆಶ್ರಮಕ್ಕೆ ಬಂದವನು. ಕಲಿತದ್ದೂ ಅವಳಿಗಿಂತ ಒಂದು ಕೈ ಹೆಚ್ಚು. ವಿದ್ಯೆ ಎಲ್ಲ ಇತ್ತು, ದನಿ ಮಾತ್ರ ಒಡಕು. ಅಜ್ಜ ಅವನ ಕೈಗೆ ತಂಬೂರಿ ಕೊಟ್ಟು, ಅವಳ ಬೆನ್ನ ಹಿಂದೆ ಕೂತು ಬಾರಿಸು ಅಂದಿದ್ದ. ಹನ್ನೆರಡು ವರ್ಷ ಅವಳ ಹೆರಳು ನೋಡುತ್ತ ಕೂತ. ಚಪ್ಪಾಳೆ ಬಿದ್ದಾಗಲೆಲ್ಲ ಅದು ಮುಂದೆ ಕೂತವಳಿಗೇ ಬಿತ್ತು.

ಹಿಂದಿನ ಸಂಜೆ ಅಜ್ಜನ ಗುರು ಹಿರಿಯಜ್ಜರ ಪುಣ್ಯತಿಥಿ. ಅವರ ಗದ್ದುಗೆಯ ಮುಂದೆ ಫಕೀರವ್ವ ಹಾಡಿದಳು. ಬೆಳಗಾದರೆ ಹೊಳೆಗೆ ಇಳಿಯುವ ಪಾವಟಿಗೆಯ ಕೊನೆಯ ಮೆಟ್ಟಿಲ ಬುಡದಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಮುಖ ಅಡಿಯಾಗಿ ಬಿದ್ದಿದ್ದಳು.

ಡಾಕ್ಟರು ಬಂದು ನೋಡಿದರು. ಪೊಲೀಸ್ ಫೌಜದಾರರು ಬರೆದುಕೊಂಡರು. ಮೈಮೇಲೆ ಗಾಯವಿಲ್ಲ, ಬಾಯಲ್ಲಿ ವಿಷದ ವಾಸನೆಯಿಲ್ಲ, ನೀರು ಕುಡಿದು ಸತ್ತಿದ್ದಾಳೆ ಅಂದು ಹೊರಟುಹೋದರು. ಅಷ್ಟಕ್ಕೆ ಸುಮ್ಮನಾಗಲು ಊರಿಗೇನು ಬೇರೆ ಕೆಲಸವೇ?

ಮೊಣಕಾಲುದ್ದ ನೀರಿನಲ್ಲಿ ಯಾರಾದರೂ ಮುಳುಗುತ್ತಾರೆಯೇ ಅಂದರು. ದತ್ತೋಬಾನೇ ತಲೆ ಹಿಡಿದು ಅದ್ದಿದ ಅಂದರು. ಅವನು ಪೇಟಿಯ ಪೆಟ್ಟಿಗೆಯ ಮೇಲೆ ಕೂತಿದ್ದ, ಕಣ್ಣಲ್ಲಿ ಒಂದು ಹನಿ ಇಲ್ಲ; ಅದನ್ನೂ ತೋರಿಸಿದರು. ಗುಟ್ಟಾಗಿ ಕುಡಿಯುತ್ತಿದ್ದಳಂತೆ ಎಂದು ಒಬ್ಬಳು ಅಂದಳು. ಆದರೆ ಹೆಚ್ಚು ಜನ ಹೇಳಿದ್ದು, ತಾನಾಗಿಯೇ ಸತ್ತಳು ಅಂತ. ಅದಕ್ಕೆ ಸಾಕ್ಷಿ ಅವಳ ಕಡೆಯ ಹಾಡು.

ಅದು ಅಜ್ಜನೇ ಕಟ್ಟಿದ ಪದ. 'ಸಾವಿರದ ಮನೆಗೆನ್ನ ಕರೆದೊಯ್ಯೋ ತಂದೆ.' ಒಂದೇ ಉಸಿರಿನಲ್ಲಿ ಹಾಡಿದರೆ ಅದು ಸಾವಿರದ ಮನೆಯೂ ಹೌದು, ಸಾವು ಇರದ ಮನೆಯೂ ಹೌದು. ನಡುವೆ ಉಸಿರು ಮುರಿಯಬಾರದು. ಆಶ್ರಮದಲ್ಲಿ ಮೊದಲು ಕಲಿಸುವುದೇ ಅದು. ಫಕೀರವ್ವ ನಿನ್ನೆ ಮುರಿದಳು. 'ಸಾವ್' ಅಂತ ನಿಂತಳು, ಉಸಿರೆಳೆದಳು, ಆಮೇಲೆ 'ಇರದ ಮನೆ' ಅಂದಳು. ಒಂದಲ್ಲ, ಮೂರು ಸಲ. ಸಾಯುತ್ತೇನೆ ಅಂತ ಬಾಯಿಬಿಟ್ಟು ಹೇಳಿಯೇ ಹೋದಳು ನೋಡಿ ಅಂದರು.

ಈಗ ಅಡಿವೆಪ್ಪನ ಸಿಟ್ಟಿನ ಮೂಲಕ್ಕೆ ಬರೋಣ. ಗದ್ದುಗೆಯ ಹಿಂದೆ ಒಂದು ಜಾಗವಿತ್ತು, ಹಾಡಿದವರ ಸಾಲು. ಆಶ್ರಮದ ಹೆಸರು ಉಳಿಸಿದ ಏಳು ಮಂದಿಯ ಮಣ್ಣು ಅಲ್ಲಿತ್ತು. ಎಂಟನೆಯದು ಫಕೀರವ್ವನದಾಗಬೇಕಿತ್ತು. ಆದರೆ ತಾನಾಗಿ ಸತ್ತವರನ್ನು ಆ ಸಾಲಿನಲ್ಲಿ ಇಡುವಂತಿಲ್ಲ ಎಂದು ಊರ ಪಂಚರು ತಡೆದರು. ಹೊತ್ತು ಇಳಿಯುವುದರೊಳಗೆ ತೀರ್ಮಾನ, ಇಲ್ಲವಾದರೆ ಹೊಳೆಯಾಚೆಯ ಹಾಳು ಹೊಲ.

ಅಡಿವೆಪ್ಪ ಅಜ್ಜನನ್ನು ಹುಡುಕಿಕೊಂಡು ಹೋದ. ಅಜ್ಜ ಪಾವಟಿಗೆಯ ಮೇಲೆ ಕೂತು ನೀರು ನೋಡುತ್ತಿದ್ದ.

"ಅಜ್ಜಾರ, ಪಂಚರ ಮುಂದ ನಾ ಹೇಳಾವ. ದತ್ತೋಬಾನ ಅಕೀನ್ನ ನೀರಿಗೆ ನೂಕಿದ, ನಾ ಕಣ್ಣಾರೆ ಕಂಡೆ ಅಂತ."

"ಕಂಡೀಯೇನು?"

"ಇಲ್ಲ."

"ಮತ್ತ?"

"ಕೊಲೆ ಅಂದ್ರ ಸಾಲಿನ್ಯಾಗ ಮಣ್ಣು ಸಿಗತೈತಿ. ಅಂವೇನು ಸಂಭಾವಿತ ಏನ್ರಿ? ತಿಂಗಳಿಗೆ ಇಪ್ಪತ್ತು ಊರು ತಿರುಗಿಸಿ ಅಕೀನ್ನ ಹಿಂಡಿ ಹಾಕ್ಯಾನ."

"ಹಿಂಡಿದ್ದು ಬ್ಯಾರೆ, ನೂಕಿದ್ದು ಬ್ಯಾರೆ."

"ನನಗ ಎರಡೂ ಒಂದ."

ಅಜ್ಜ ನೀರಿನಿಂದ ಕಣ್ಣು ತೆಗೆದ. ಆಮೇಲೆ ಆ ಸಾವಿರದ ಪದವನ್ನು ಒಮ್ಮೆ ಹಾಡು ಅಂದ. ತಾನು ಕಲಿಸಿದ ಹಾಗಲ್ಲ, ಅವಳು ನಿನ್ನೆ ಹಾಡಿದ ಹಾಗೆ.

ಅಡಿವೆಪ್ಪ ಹಾಡಿದ. ಅವಳ ದನಿ ಬರಲಿಲ್ಲ, ತಪ್ಪು ಮಾತ್ರ ಒಂದೂ ಬಿಡದೆ ಬಂತು. ಅವಳು ಎಲ್ಲೆಲ್ಲಿ ನಿಂತಿದ್ದಳೋ ಅಲ್ಲಲ್ಲೇ ನಿಂತ. ಎಷ್ಟು ಹೊತ್ತು ನಿಂತಿದ್ದಳೋ ಅಷ್ಟೇ ಹೊತ್ತು ನಿಂತ. ಹೆಣ ಇನ್ನೂ ಪಡಸಾಲೆಯಲ್ಲೇ ಇತ್ತು, ಅವನ ಬಾಯಿಯ ಮೂಲೆ ಮಾತ್ರ ನಗೆಗೆ ಸ್ವಲ್ಪ ಸೊಟ್ಟಾಗಿತ್ತು.

"ಭಾಳ ಚಂದ ನೆನಪಿಟ್ಟೀ," ಅಂದ ಅಜ್ಜ.

"ಇಡದ ಏನ್ರಿ? ಅಷ್ಟು ಹೆಸರಾದಾಕಿ. ಗದ್ದಗೀ ಮುಂದ ಮೊದಲನೇ ಪಾಠ ತಪ್ಪಿದಳು."

ಅಜ್ಜನ ಮುಖ ಕಪ್ಪಿಟ್ಟಿತು. ಪಾವಟಿಗೆಯ ಮೇಲಿದ್ದ ತಾಮ್ರದ ಕೊಡವನ್ನು ಕಾಲಿನಿಂದ ಅವನ ಕಡೆ ಉರುಳಿಸಿದ.

"ತುಂಬು. ಹೆಗಲಿಗೆ ಇಟಗೋ. ಹಾಡಕೋತ ಮ್ಯಾಲೆ ಏರು. ನಾ ಕಲಿಸಿದಂಗ ಹಾಡು. ಉಸಿರು ಮುರೀಬ್ಯಾಡ."

ಇದೇನು ಹುಚ್ಚು ಅಂದುಕೊಂಡ ಅಡಿವೆಪ್ಪ. ಆದರೂ ಕೊಡ ತುಂಬಿದ, ಹೆಗಲಿಗೆ ಏರಿಸಿದ, ಹಾಡುತ್ತ ಹತ್ತಿದ. ಪಾವಟಿಗೆ ಅರವತ್ತು. ಇಪ್ಪತ್ತರವರೆಗೆ ಪದ ನೆಟ್ಟಗೆ ಬಂತು. ಆಮೇಲೆ ಎಳೆದಾಡಿದರೂ ಮುರಿಯಲಿಲ್ಲ. ಮೇಲೆ ಮುಟ್ಟಿದಾಗ ಅಜ್ಜ ಕೆಳಗಿನಿಂದ ಕೈ ಬೀಸಿದ. ಚೆಲ್ಲು, ಇಳಿ, ಮತ್ತೆ ತುಂಬು.

ಎರಡನೆಯ ಸಲ ಹತ್ತುವಾಗ ಕಾಲು ನಡುಗಿತು. ಮೂರನೆಯ ಸಲಕ್ಕೆ ಎದೆ ತಿದಿಯ ಹಾಗೆ ಹೊಡೆದುಕೊಂಡಿತು. ಸಿಟ್ಟಿಗೆ ಹಲ್ಲು ಕಚ್ಚಿ ಹಾಡಿದ. ನಲವತ್ತನೆಯ ಪಾವಟಿಗೆಯಲ್ಲಿ ಅವನ ಬಾಯಿಂದ 'ಸಾವ್' ಅಂತ ಬಂತು, ದನಿ ನಿಂತಿತು. ಬಾಯಿ ತೆರೆದು ಗಾಳಿ ಎಳೆದುಕೊಂಡ. ಆಮೇಲೆ 'ಇರದ ಮನೆ' ಅಂದ.

ಅಂದವನು ಅಲ್ಲೇ ನಿಂತುಬಿಟ್ಟ.

ಕೊಡ ಜಾರಿ ಪಾವಟಿಗೆಯ ಮೇಲೆ ಢಣಢಣ ಉರುಳಿಕೊಂಡು ಹೋಯಿತು. ಗಿಡದ ಕೆಳಗಿನ ಮಂದಿ ಕತ್ತು ಉದ್ದ ಮಾಡಿದರು, ಇನ್ನೊಬ್ಬ ಯಾರಾದರೂ ಬಿದ್ದನೋ ಏನೋ ಅಂತ.

ಅಡಿವೆಪ್ಪ ಕೆಳಗೆ ಬಂದು ಕೂತ. ಅಜ್ಜ ಅವನ ಕಡೆ ನೋಡಲಿಲ್ಲ.

"ಈಗ ನೀ ಸಾಯಾಕ ಹೊಂಟಿದ್ದೇನು?"

"ಇಲ್ರಿ."

"ಮತ್ತ ಸಾವು ಅಂತ ಯಾಕ ನಿಂತಿ?"

"ದಮ್ಮು ಹತ್ತಿತ್ರಿ."

"ಅಕೀ ಬೆನ್ನಿಗೆ ನೀ ಎಷ್ಟು ದೂರ ಕುಂತಿದ್ದಿ?"

"ಒಂದು ಮೊಳ."

ಇಷ್ಟಾದ ಮೇಲೆ ಅವನ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಿತ್ತು. ಬೆಳಗಿನಿಂದ ಯಾರಿಗೂ ಹೇಳದೆ ಮುಚ್ಚಿಟ್ಟದ್ದು.

ನಿನ್ನೆ ಹಾಡಲು ಕೂಡುವ ಮೊದಲು ಫಕೀರವ್ವ ಹಿಂದೆ ತಿರುಗಿದ್ದಳು. ತಂಬೂರಿಯ ಶ್ರುತಿಯನ್ನು ಒಂದು ಪಟ್ಟಿ ಕೆಳಗೆ ಇಳಿಸಣ್ಣ, ಎದೆ ಹಿಡಿದ ಹಾಗಾಗುತ್ತದೆ, ಮೇಲಿನ ದನಿ ಎತ್ತಲಾರೆ ಅಂದಿದ್ದಳು. ಆಶ್ರಮದ ಕಟ್ಟಳೆ ಅವನಿಗೆ ಗೊತ್ತು: ಗದ್ದುಗೆಯ ಮುಂದೆ ತಂಬೂರಿ ಇಳಿಯಬಾರದು. ಹಿರಿಯಜ್ಜ ಯಾವ ದನಿಗೆ ಕಟ್ಟಿದರೋ ಅದೇ ದನಿ. ರೇಡಿಯೋದಾಕಿಗೆ ಈಗ ಕಟ್ಟಳೆಯೂ ಭಾರವಾಯಿತೇನು ಅಂತ ಕೇಳಿದ್ದ. ಕೇಳಿ ಸಮಾಧಾನವೂ ಪಟ್ಟಿದ್ದ.

ಆಗ ಪಕ್ಕದಿಂದ ದತ್ತೋಬಾ ಬಾಯಿ ಹಾಕಿದ್ದ. ಹೌದು, ಅವನೇ. ಅಡಿವಣ್ಣಾ, ಇಳಸ್ರಿ, ನಿನ್ನೆ ಮೊನ್ನೆಯಿಂದ ಅಕೀಗೆ ಆಗವಲ್ದು ಅಂದಿದ್ದ. ನೀ ಪೇಟಿಯಂವ, ನಿನಗ ನಮ್ಮ ಆಶ್ರಮದ ಸುದ್ದಿ ಯಾಕ, ಅಂದು ಅವನ ಬಾಯಿಯನ್ನೂ ಮುಚ್ಚಿಸಿದ್ದ ಅಡಿವೆಪ್ಪ.

ಅವಳು ಮತ್ತೆ ಕೇಳಲಿಲ್ಲ. ಮುಂದೆ ತಿರುಗಿ ಹಾಡಿದಳು.

ಅಡಿವೆಪ್ಪ ಹೇಳಿ ಮುಗಿಸಿದ. ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅದು ಈಗ ಹೋಗಲು ಜಾಗ ಹುಡುಕುತ್ತಿತ್ತು.

"ಕಟ್ಟಳೆ ನಂದಲ್ರಿ ಅಜ್ಜಾರ. ನಿಮ್ಮದು."

"ಹೌದು. ನಂದು."

"ನೀವೂ ಎದುರಿಗೇ ಕುಂತಿದ್ರಿ. ಅಕೀ ಉಸಿರು ಮುರಿದದ್ದು ಕೇಳಲಿಲ್ಲೇನು?"

"ಕೇಳಿದೆ," ಅಂದ ಅಜ್ಜ. "ಮೂರು ಸಲಾನೂ ಕೇಳಿದೆ. ಹೆಸರು ಬಂದ ಮ್ಯಾಲೆ ಈ ಹುಡುಗಿ ರಿಯಾಜು ಬಿಟ್ಟಾಳ ಅಂದುಕೊಂಡೆ. ಎಂಬತ್ತು ವರ್ಷದ ಈ ಕಿವೀನ ಕಿತ್ತು ಹೊಳಿಗೆ ಒಗೀಬೇಕು."

ಇಬ್ಬರೂ ಎದ್ದರು. ಅಜ್ಜ ನೇರ ಗದ್ದುಗೆಯ ಮುಂದೆ ಹೋದ. ಅಲ್ಲಿ ತಂಬೂರಿ ಗೋಡೆಗೆ ಒರಗಿತ್ತು, ನಿನ್ನೆ ಕಟ್ಟಿದ ದನಿಯಲ್ಲೇ ಬಿಗಿದುಕೊಂಡು. ಅದನ್ನು ತೊಡೆಯ ಮೇಲೆ ಹಾಕಿಕೊಂಡು, ನಾಲ್ಕೂ ಬಿರಡೆ ತಿರುಗಿಸಿ, ತಂತಿಗಳನ್ನು ಇಳಿಸಿದ. ಅಲ್ಲೇ ಕೂತಿದ್ದ ಪಂಚರು ಎದ್ದು ನಿಂತರು. ಐವತ್ತು ವರ್ಷದಲ್ಲಿ ಆ ಜಾಗದಲ್ಲಿ ಯಾರೂ ಮಾಡದ ಕೆಲಸ.

"ಹೇಳು," ಅಂದ ಅಜ್ಜ ಶಿಷ್ಯನಿಗೆ.

ಅಡಿವೆಪ್ಪ ಎಲ್ಲರ ಮುಂದೆ ಹೇಳಿದ. ಅವಳು ಕೇಳಿದ್ದು, ತಾನು ಚುಚ್ಚಿ ಆಡಿದ ಮಾತು, ದತ್ತೋಬಾ ಬೇಡಿಕೊಂಡದ್ದು. ಸುಳ್ಳುಸಾಕ್ಷಿ ಹೇಳಲು ಹೊರಟಿದ್ದೆ ಅನ್ನುವುದನ್ನೂ ಬಿಡಲಿಲ್ಲ. ಪೆಟ್ಟಿಗೆಯ ಮೇಲೆ ಕೂತಿದ್ದ ದತ್ತೋಬಾ ಆಗ ಮುಖ ಮುಚ್ಚಿಕೊಂಡ. ಕಣ್ಣೀರಿಲ್ಲ ಅಂದವರು ಆ ಕಡೆ ನೋಡಲಿಲ್ಲ.

ಗಿಡದ ಕೆಳಗಿನ ಮಂದಿಗೆ ಇದು ರುಚಿಸಲೇ ಇಲ್ಲ. ಕೊಲೆಯೂ ಅಲ್ಲ, ಆತ್ಮಹತ್ಯೆಯೂ ಅಲ್ಲ, ವಿಷವೂ ಇಲ್ಲ, ಮೀರಜಿನ ಹೆಂಡತಿಯೂ ಇಲ್ಲ. ಇಷ್ಟು ಹೊತ್ತು ಕಾದು ಕೂತದ್ದು ಇದಕ್ಕೇನು ಅನ್ನುವ ಹಾಗೆ ಸೆರಗು ಕೊಡವಿಕೊಂಡರು.

ಹಿರಿಯ ಪಂಚ ಕಲ್ಲನಗೌಡ ಗಂಟಲು ಸರಿ ಮಾಡಿಕೊಂಡ. ದಮ್ಮು ಹತ್ತಿದ್ದು ಸಂಜೆ, ಸತ್ತದ್ದು ಬೆಳಿಗ್ಗೆ, ನೀರಿನ ಹತ್ತಿರ ಏನಾಯಿತು ಅಂತ ಯಾರು ಕಂಡವರು ಅಂದ.

"ಯಾರೂ ಕಂಡಿಲ್ಲ," ಅಂದ ಅಡಿವೆಪ್ಪ. "ಮುಖ ತೊಳಿಯಾಕ ಬಗ್ಗಿರಬೇಕು, ಎದಿ ಹಿಡದಿರಬೇಕು. ಅದು ನನಗ ಗೊತ್ತಿಲ್ಲ. ನನಗ ಗೊತ್ತಿದ್ದದ್ದು ಇಷ್ಟ. ಅಕಿ ಸಾಯತೀನಿ ಅಂತ ಹಾಡಲಿಲ್ಲ. ಉಸಿರು ಸಾಲದ ನಿಂತಳು."

"ಖಾತ್ರಿ ಇಲ್ಲದ ಸಾಲಿನ್ಯಾಗ ಹೆಂಗ..." ಅಂತ ಗೌಡ ರಾಗ ಎಳೆದ.

ಅಜ್ಜ ಅವನನ್ನು ಮುಗಿಸಲು ಬಿಡಲಿಲ್ಲ.

"ಗೌಡ್ರ, ಕೊಡ ಹೊಳಿ ದಂಡ್ಯಾಗ ಬಿದ್ದೈತಿ. ಅಕಿ ತಾನಾಗಿ ಸತ್ತಳು ಅನ್ನಾವರು ಒಬ್ಬೊಬ್ಬರ ಹೋಗಿ ತುಂಬಿಕೊಂಡು ಹಾಡಕೋತ ಮೂರು ಸಲ ಏರಿ ಬರ್ರಿ. ನಿಲ್ಲದ ಏರಿದಾಂವ ಬಂದು ಬ್ಯಾಡ ಅನ್ನಲಿ. ನಾ ಹೆಣ ಹೊರಗ ಒಯ್ತೀನಿ."

ಗೌಡನ ಹೊಟ್ಟೆ ಎಲ್ಲರಿಗೂ ಕಾಣುವಂಥದ್ದು. ಹೊಳೆಯ ಕಡೆ ಒಮ್ಮೆ ನೋಡಿದ, ಪಂಚರ ಕಡೆ ಒಮ್ಮೆ ನೋಡಿದ. ಪಂಚರು ನೆಲ ನೋಡಿದರು. ಆಗಲಿ, ಸಾಲಿನ್ಯಾಗ ಇಡ್ರಿ, ಅಂದು ಕೂತ.

ಆಶ್ರಮದಲ್ಲಿ ಕುಣಿ ತೋಡುವ ಆಳುಗಳಿದ್ದರು. ಅಡಿವೆಪ್ಪ ಅವರ ಕೈಯಿಂದ ಗುದ್ದಲಿ ಕಸಿದುಕೊಂಡ. ಏಳು ಸಮಾಧಿಯ ಪಕ್ಕದಲ್ಲಿ ಎಂಟನೆಯದನ್ನು ತಾನೊಬ್ಬನೇ ಅಗೆದ. ಯಾರನ್ನೂ ಹತ್ತಿರ ಸೇರಿಸಲಿಲ್ಲ. ಅಂಗೈ ಒಡೆದು ಗುದ್ದಲಿಯ ಹಿಡಿ ಕೆಂಪಾಯಿತು. ಎದೆ ಏರಿಳಿಯುತ್ತಿತ್ತು, ಗಂಟಲಿನಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಆದರೂ ನಿಲ್ಲಲೊಲ್ಲ. ಯಾರೋ ಹಿಂದೆ ಕೂತು ತಪ್ಪು ಎಣಿಸುತ್ತಿದ್ದಾರೆ ಅನ್ನುವ ಹಾಗೆ ಅಗೆಯುತ್ತಲೇ ಇದ್ದ.

ಅಜ್ಜ ಕುಣಿಯ ಅಂಚಿಗೆ ಬಂದು ನಿಂತ. ಬಗ್ಗಿ ಗುದ್ದಲಿಯ ಹಿಡಿಯ ಮೇಲೆ ಕೈ ಇಟ್ಟ.

"ದಮ್ಮು ಹತ್ತಿದರ ನಿಲ್ಲಪಾ. ಇಲ್ಲಿ ಯಾರೂ ತಪ್ಪು ಹಿಡಿಯೂದಿಲ್ಲ."